ಬೊನಾಕೆಲೆಯನ್ನು ಕರೆದುಕೊಂಡು ಬರುವುದು

ಈ ಹೊತ್ತಿನಲ್ಲಿ ಬಂಡೆಯ ಮೇಲೆ ಯಾರೂ ಇರಲಾರರು ಎಂದುಕೊಂಡೇ ವೆಲಿಲೆ ಬೆಳಗ್ಗೆ ಚಿಕ್ಕಪ್ಪನೊಡನೆ ಮನೆ ಬಿಟ್ಟಿದ್ದ. ಗುಡ್ಡದ ಅಂಚಿಗೆ ಬಂದು ಕೆಳಗೆ ನೋಡಿದಾಗ ಎತ್ತಿನ ಮೂತಿ ಎಂದು ಕರೆಯುವ ಆ ಬಂಡೆಯ ತುದಿಯಲ್ಲಿ ಒಬ್ಬ ನಿಂತಿರುವುದು ಕಂಡಿತು. ಕಾಲು ಅಗಲಿಸಿ, ಗಾಳದ ಕೋಲಿನ ಬುಡವನ್ನು ತೊಡೆಸಂದಿಗೆ ಒತ್ತಿಕೊಂಡು, ಕಡಲಿಗೆ ತಾನೇ ಕಾವಲು ಎಂಬಂತೆ ನಿಲ್ಲುವವನು ಆ ಊರಿನಲ್ಲಿ ಜೊಂಗಾ ಒಬ್ಬನೇ. ವೆಲಿಲೆಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೆ ಬೇಕಾದಷ್ಟು ತ್ರಾಣ ಈಚೆಗೆ ಅವನಲ್ಲಿ ಉಳಿದಿರಲಿಲ್ಲ. ಬಂದದ್ದು ನಾಚಿಕೆ. ಮೈ ತೊಳೆಯಲು ಹೊಳೆಗಿಳಿದವನು ಆಚೆ ದಡದಲ್ಲಿ ನೆಂಟರನ್ನು ಕಂಡರೆ ಆಗುವಂಥ ನಾಚಿಕೆ. ಇನ್ನು ಸ್ವಲ್ಪ ಹೊತ್ತಿಗೆ ಅವನು ಆ ಬಂಡೆಯ ಮೇಲೆ ನಿಂತು ಸತ್ತ ತಮ್ಮನನ್ನು ಹೆಸರು ಹಿಡಿದು ಕರೆಯಬೇಕಿತ್ತು, ಎದುರಿಗೇ ಇರುವವನೊಡನೆ ಆಡುವ ಹಾಗೆ ಮಾತಾಡಬೇಕಿತ್ತು, ಮನೆಗೆ ಬಾ ಎಂದು ಒಲಿಸಬೇಕಿತ್ತು. ಮನೆಯ ಹಿಂದೆ ಒಬ್ಬನೇ ನಿಂತು ಅಭ್ಯಾಸ ಮಾಡಿದಾಗಲೇ ಕೋಳಿಗಳು ನೋಡುತ್ತಿವೆಯೆಂದು ಅರ್ಧಕ್ಕೇ ಬಿಟ್ಟು ಬಂದಿದ್ದ.

ಬಲಗೈಯಲ್ಲಿ ಮುಳ್ಳೆಲಚಿಯ ಕೊಂಬೆ, ಸತ್ತವರ ಆತ್ಮವನ್ನು ಮನೆಗೆ ಹೊತ್ತು ತರುವಂಥದ್ದು. ಚಿಕ್ಕಪ್ಪ ದುಮಾ ನಸುಕಿನಲ್ಲೇ ಹೋಗಿ, ಮರಕ್ಕೆ ಯಾಕೆ ಕಡಿಯುತ್ತಿದ್ದೇನೆಂದು ಹೇಳಿ ಕಡಿದು ತಂದದ್ದು. ಕೊಡುವಾಗ ಮುದುಕ ನಗಲಿಲ್ಲ, ಅದೇ ದೊಡ್ಡ ಸಂಗತಿ. "ಅವನ ಹೆಸರು ಕರೆದ ಮೇಲೆ ನಿನ್ನ ಬಾಯಿ ಅವನದು," ಎಂದಿದ್ದ. "ದಾರೀಲಿ ದೊರೆ ಸಿಕ್ಕಿದ್ರೂ ನೀನು ಕ್ಷೇಮ ಕೇಳೋ ಹಾಗಿಲ್ಲ. ಕೇಳೋರಿಗೆ ನಾನು ಹೇಳ್ತೀನಿ. ನೀನು ಅವನ ಜೊತೆ ಮಾತಾಡ್ತಾ ಬಾ, ಇಲ್ಲಿ ತೊರೆ ಇದೆ, ಇಲ್ಲಿ ಏರು ಇದೆ ಅಂತ. ಬದುಕಿರೋರ ಹತ್ರ ಒಂದು ಮಾತಾಡಿದ್ಯೋ, ಅವನು ಅಲ್ಲೇ ನಿಂತ. ಯಾವ ಪೊದೆ ಹತ್ರ ನಿಂತ ಅಂತ ಆಮೇಲೆ ಯಾರು ಹುಡುಕ್ತಾರೆ? ಬಂಡೆ ಮೇಲಾದ್ರೂ ಇದಾನೆ ಅಂತ ಈಗ ಗೊತ್ತಿದೆ. ದಾರಿ ಮಧ್ಯ ಕಳಕೊಂಡ್ರೆ ಅದೂ ಇಲ್ಲ."

ಬೊನಾಕೆಲೆಯ ಮೈ ಸಿಕ್ಕಿತ್ತು. ಅಳಿವೆಯ ಮರಳಿನಲ್ಲಿ ಸಿಕ್ಕಿದ ಮೈಯನ್ನು ತಂದು, ಕೆಂಪು ರವಿಕೆ ತೊಟ್ಟ ಚರ್ಚಿನ ಹೆಂಗಸರು ಹಾಡುತ್ತಿರಲು ದನದ ದೊಡ್ಡಿಯ ಪಕ್ಕದಲ್ಲಿ ಮಣ್ಣು ಮಾಡಿಯೂ ಆಗಿತ್ತು. ಆದರೆ ಅಮ್ಮ ಅಂದಿನಿಂದ ಒಂದೇ ಮಾತು ಹೇಳುತ್ತಾಳೆ: ಮೈ ಬಂತು, ಮಗ ಬರಲಿಲ್ಲ. ಅಳುತ್ತ ಹೇಳುವುದಿಲ್ಲ. ಕುರಿ ಒಂದು ಕಡಿಮೆ ಬಂದಿದೆ ಎನ್ನುವ ಹಾಗೆ ಹೇಳಿ, ಸಂಜೆ ಬಾಗಿಲ ಹತ್ತಿರ ಕೂರುತ್ತಾಳೆ. ಎರಡು ಚಳಿಗಾಲ ಕಳೆದು ಅವಳ ಭುಜದ ಎಲುಬು ಬಟ್ಟೆಯೊಳಗಿಂದ ಎದ್ದು ಕಾಣಲು ತೊಡಗಿದ ಮೇಲೆ ಹಿರಿಯರು ಕೊಂಬೆಯ ಮಾತೆತ್ತಿದರು. ಪಾದ್ರಿಯನ್ನು ಕೇಳಿದಾಗ ಆತ ಕನ್ನಡಕ ಒರೆಸಿಕೊಳ್ಳುತ್ತ, "ಯಾವ ಆತ್ಮ ಎಲ್ಲಿದೆ ಅಂತ ದೇವರಿಗೆ ಗೊತ್ತು, ಕೊಂಬೆ ಬೇಕಾಗಿಲ್ಲ," ಎಂದು ಸ್ವಲ್ಪ ತಡೆದು, "ಆದ್ರೆ ನಿಮ್ಮಮ್ಮನಿಗೂ ಗೊತ್ತಾಗ್ಬೇಕಲ್ಲ, ಹೋಗ್ಬನ್ನಿ," ಎಂದ. ಹೊತ್ತು ತರುವವನು ಯಾರು ಎಂದು ಯಾರೂ ಕೇಳಲೇ ಇಲ್ಲ. ಅಣ್ಣನಲ್ಲವೇ. ಆ ದಿನ ಬಂಡೆಯ ಮೇಲೆ ಜೊತೆಗಿದ್ದವನೂ ಅವನೇ ಅಲ್ಲವೇ. ಎಲ್ಲರೂ ಅವನ ಕಡೆ ನೋಡಿದ ಆ ನೋಟದಲ್ಲಿ ಕರುಣೆಯೇ ಇತ್ತು. ಅವನಿಗೆ ಮಾತ್ರ ಅದು ಬಾಯಿಗೆ ಬಂದ ಮರಳಿನ ಹಾಗೆ ಇವತ್ತಿಗೂ ಕರಕರ ಎನ್ನುತ್ತಿತ್ತು.

ಇವರು ಇಳಿದು ಬರುವುದನ್ನು ಕಂಡು ಜೊಂಗಾ ಟೋಪಿ ತೆಗೆದ. ಕೊಂಬೆ ನೋಡಿದ ಮೇಲೆ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ದಾರ ಎಳ್ಕೊಂಡ್ಬಿಡ್ಲಾ ಅಜ್ಜಾ?" ಎಂದು ದುಮಾನನ್ನು ಕೇಳಿದ.

"ಯಾಕೆ? ಕಡಲೇನು ನಮ್ಮ ದೊಡ್ಡೀನಾ? ನೀನು ಆ ಕಡೆ ಹಿಡಿ, ನಾವು ಈ ಕಡೆ ಹಿಡೀತೀವಿ."

"ಎರಡು ವರ್ಷ ಯಾರೂ ಇಳ್ದಿಲ್ಲ ಇಲ್ಲಿ. ಮೀನು ಕೊಬ್ಬಿರುತ್ತೆ ಅಂತ..." ಜೊಂಗಾ ಮಾತನ್ನು ಅರ್ಧಕ್ಕೆ ನುಂಗಿ ವೆಲಿಲೆಯ ಮುಖ ನೋಡಿದ. "ತಪ್ಪು ತಿಳ್ಕೋಬೇಡ ಚೇಜಿ."

ಆ ಕರಾವಳಿಯ ಗಂಡಸರು ಒಬ್ಬರನ್ನೊಬ್ಬರು ಕುಲದ ಹೆಸರಿನಿಂದ ಕರೆಯುವುದು ಮರ್ಯಾದೆ. ಬೊನಾಕೆಲೆಯೂ ಚೇಜಿ, ವೆಲಿಲೆಯೂ ಚೇಜಿ. ಯಾರಾದರೂ ಹಾಗೆ ಕೂಗಿದರೆ ಮೊದಲು ಇಬ್ಬರೂ ತಿರುಗುತ್ತಿದ್ದರು. "ತಿಳ್ಕೊಳ್ಳೋದೇನು," ಎಂದ ವೆಲಿಲೆ. "ಜೊತೆಗೆ ಯಾರೂ ಇಲ್ವಾ ನಿಂಗೆ?"

"ಯಾರು ಬರ್ತಾರೆ ಈ ಬಂಡೆಗೆ? ಅಂಜುಬುರುಕರು."

ದುಮಾ ತನ್ನ ಮೊಣಕಾಲನ್ನು ಬೈದುಕೊಂಡು, ನೀನು ಕರೆಯುತ್ತಿರು, ನಾನು ಮೇಲಿನ ತಿರುವಿನಲ್ಲಿ ಕೂತಿರುತ್ತೇನೆ ಎಂದು ಪೈಪು ಹಚ್ಚಿಕೊಂಡು ದಾರಿ ಹತ್ತಿದ.

ವೆಲಿಲೆ ಬಂಡೆಯ ಎಡಮಗ್ಗುಲಿಗೆ, ಕಡಲು ಕೊರೆದು ಮಾಡಿದ ಕೊರಕಲಿನ ಅಂಚಿಗೆ ಬಂದು ನಿಂತ. ಕೆಳಗೆ, ತಮ್ಮ ಕೊನೆಯ ಸಲ ನಿಂತಿದ್ದ ಆ ಕಲ್ಲಿನ ಮೆಟ್ಟಿಲು ಇತ್ತು. ಕಡಲು ಅದರ ಮೇಲೆ ಬಂದು, ತಡಕಾಡಿ, ಏನೂ ಸಿಗದೆ ಹಿಂದೆ ಸರಿಯುತ್ತಿತ್ತು. ಪಚ್ಚಿಲೆ ಚಿಪ್ಪುಗಳು ಕಲ್ಲಿಗೆ ನೀಲಿಗಪ್ಪಾಗಿ ಮೆತ್ತಿಕೊಂಡಿದ್ದವು; ಚಿಪ್ಪೊಡಕ ಮೀನು ಬರುವುದೇ ಅವಕ್ಕಾಗಿ. ಕಪ್ಪು ಮೈ, ಗೂಳಿಯ ಹಣೆ, ಮನುಷ್ಯನ ದವಡೆಯಂಥ ಹಲ್ಲು, ಪಚ್ಚಿಲೆಯನ್ನು ಚಿಪ್ಪಿನ ಸಮೇತ ಜಗಿದು ನುಂಗುತ್ತದೆ. ಗಾಳ ಕಚ್ಚಿದೊಡನೆ ತಲೆ ಕೆಳಗೆ ಮಾಡಿ ಬಂಡೆಯ ಸಂದಿಗೆ ನುಗ್ಗುವ ಅದನ್ನು ಮೊದಲ ಉಸಿರಿನಲ್ಲೇ ತಡೆಯದಿದ್ದರೆ ದಾರ ಕಲ್ಲಿಗೆ ಉಜ್ಜಿ ಹರಿಯಿತೆಂದೇ ಲೆಕ್ಕ. ತಡೆದರೆ, ಆಮೇಲೆ ಅದಕ್ಕೂ ಹಿಡಿದವನಿಗೂ ಸಾಕುಸಾಕಾಗುವವರೆಗೆ ಜಗ್ಗಾಟ. ಅಂಥ ಮೀನನ್ನು ಒಬ್ಬನೇ ಹಿಡಿಯುವುದಿಲ್ಲ. ಮೇಲೊಬ್ಬ ಕೋಲು ಹಿಡಿಯುತ್ತಾನೆ. ಇನ್ನೊಬ್ಬ ಕೊಕ್ಕೆ ಹಿಡಿದು ಎರಡು ತೆರೆಗಳ ನಡುವೆ ಕೆಳಗಿನ ಮೆಟ್ಟಿಲಿಗೆ ಇಳಿಯುತ್ತಾನೆ. ಕೆಳಗಿನವನ ಕಣ್ಣು ಮೀನಿನ ಮೇಲೆ, ಮೇಲಿನವನ ಕಣ್ಣು ಕಡಲಿನ ಮೇಲೆ. ಅಪ್ಪ ಕಲಿಸಿದ್ದು ಇಷ್ಟೇ, ಅಪ್ಪನಿಗೆ ಅವನಪ್ಪ ಕಲಿಸಿದ್ದೂ ಇಷ್ಟೇ. ಆ ದಿನ ಮೇಲೆ ಕೋಲು ಹಿಡಿದಿದ್ದ ವೆಲಿಲೆ ಕಡಲು ಬಿಟ್ಟು ಮೀನನ್ನು ನೋಡಿದ್ದ. ಅದು ನೀರೊಳಗೆ ಮಗ್ಗುಲು ಹೊರಳಿಸಿದಾಗ ಹೊಟ್ಟೆಯ ತಾಮ್ರದ ಬಣ್ಣ ಮಿಂಚಿತು, ಅಷ್ಟು ದೊಡ್ಡದನ್ನು ಅವನು ಕಂಡಿರಲಿಲ್ಲ, ಎಷ್ಟು ಚೆಂದ ಎಂದು ಮನಸ್ಸು ಅಂದುಕೊಂಡಷ್ಟು ಹೊತ್ತು ಮಾತ್ರ, ತಲೆಯೆತ್ತಿದಾಗ ಮೆಟ್ಟಿಲೂ ಇರಲಿಲ್ಲ, ಮೆಟ್ಟಿಲ ಮೇಲಿನವನೂ ಇರಲಿಲ್ಲ, ಬಿಳಿ ನೊರೆ ಹಾಲು ಉಕ್ಕಿದಂತೆ ಉಕ್ಕುತ್ತಿತ್ತು. ಅದನ್ನಾದರೂ ಊರು ಊಹಿಸಿತ್ತು. ಊರು ಊಹಿಸಲಾರದ್ದು ಆಮೇಲಿನದು: ಬಾಯಿ ತಮ್ಮನ ಹೆಸರನ್ನು ಕೂಗುತ್ತಿದ್ದಾಗ ಕೈ ದಾರವನ್ನು ಸುತ್ತುತ್ತಲೇ ಇತ್ತು. ಕೈಗೆ ಹೇಳುವವರು ಯಾರೂ ಇರಲಿಲ್ಲ. ಪಚ್ಚಿಲೆ ಕೀಳುತ್ತಿದ್ದ ಹೆಂಗಸರು ಓಡಿ ಬಂದಾಗ ಮೀನು ಬಂಡೆಯ ಮೇಲಿತ್ತು, ಕಿವಿರು ತೆರೆಯುತ್ತ ಮುಚ್ಚುತ್ತ. ಯಾರೋ ಒಬ್ಬಳು ಏನು ಮಾಡಬೇಕೆಂದು ತೋಚದೆ, ಪಾಪ, ಅದರ ಮೇಲೆ ಒದ್ದೆ ಗೋಣಿ ಹೊದಿಸಿದ್ದಳು.

"ಬೊನಾಕೆಲೆ," ಎಂದ ವೆಲಿಲೆ. ದನಿ ಅವನಿಗೇ ಕೇಳಿಸಲಿಲ್ಲ. ಹಿಂದಿನಿಂದ ಜೊಂಗಾ ಕೆಮ್ಮಿ, ತಾನು ಕೇಳಿಸಿಕೊಳ್ಳುತ್ತಿಲ್ಲ ಎಂದು ತೋರಿಸಲೋ ಏನೋ, ಬೆನ್ನು ತಿರುಗಿಸಿದ. ಆ ಒಳ್ಳೆಯತನಕ್ಕೆ ವೆಲಿಲೆಯ ಕಣ್ಣು ತುಂಬಿ ಬಂತು. "ಬೊನಾಕೆಲೆ, ಚೇಜಿ, ನಮ್ಮಪ್ಪನ ಮಗನೇ. ನಾನು ವೆಲಿಲೆ. ನಿನ್ನ ಕರ್ಕೊಂಡು ಹೋಗೋಕೆ ಬಂದಿದೀನಿ. ಇಲ್ಲಿ ಚಳಿ. ಅಮ್ಮ ಕಾಯ್ತಾ ಇದಾಳೆ. ಎದ್ದು ಬಾ." ಬಗ್ಗಿ, ಮೆಟ್ಟಿಲಿನಿಂದ ಏರಿ ಬಂದ ನೀರಿಗೆ ಕೊಂಬೆಯ ತುದಿಯನ್ನು ಮುಟ್ಟಿಸಿ ಎತ್ತಿದ. ಎಲೆಯಿಂದ ನೀರು ತೊಟ್ಟಿಕ್ಕಿತು. ಮತ್ತೇನೂ ಆಗಲಿಲ್ಲ. ಏನಾದರೂ ಆದೀತು ಎಂದು ತಾನು ಕಾದಿದ್ದೆನೇ ಎಂದು ಯೋಚಿಸಲೂ ಅವನಿಗೆ ಆಯಾಸವಾಯಿತು. ಬಂದಿದ್ದಾನೆ ಎಂದುಕೊಂಡೇ ನಡೆಯಬೇಕು. ಪ್ರಾರ್ಥನೆಯೂ ಹಾಗೇ ಅಲ್ಲವೇ, ಕೇಳುವವನು ಇದ್ದಾನೆ ಎಂದುಕೊಂಡೇ ಬಾಯಿ ತೆರೆಯುವುದು. "ಈಗ ತಿರುಗ್ತಾ ಇದೀನಿ," ಎಂದ. "ಕಲ್ಲು ಜಾರುತ್ತೆ, ನೋಡ್ಕೊಂಡು ಹೆಜ್ಜೆ ಇಡು." ಬಂಡೆಯ ಬೆನ್ನೇರಿ ದಾರಿಯ ಬುಡಕ್ಕೆ ಬರುವಷ್ಟರಲ್ಲಿ ಮಾತು ತಾನಾಗಿ ಬರತೊಡಗಿತ್ತು. ಬರಬರುತ್ತ ಅವನಿಗೆ ಅಚ್ಚರಿಯಾದದ್ದು, ಆ ಮಾತಿನಲ್ಲಿ ಸುಳ್ಳೇ ಇರಲಿಲ್ಲ. ಇಲ್ಲಿ ಜೇಡಿ. ಇಲ್ಲಿ ಬೇರು. ಎರಡು ವರ್ಷದಲ್ಲಿ ಅವನು ಯಾರೊಡನೆಯೂ ಇಷ್ಟು ನಿಜವಾದ ಮಾತು ಆಡಿರಲಿಲ್ಲ.

ಆಗ ಹಿಂದಿನಿಂದ ಗಾಳದ ಕೋಲಿನ ಚಕ್ರ ಕಿರುಚಿತು. ಅದು ಏನೆಂದು ತಿರುಗಿ ನೋಡದೆಯೂ ಗೊತ್ತಾಗುತ್ತದೆ. ದಾರ ಆ ರೀತಿ ಓಡುವುದು ಒಂದೇ ಮೀನಿಗೆ.

"ಚೇಜಿ," ಎಂದು ಜೊಂಗಾ ಕೂಗಿದ. "ಚಿಪ್ಪೊಡಕ. ಬಾ, ಕೊಕ್ಕೆ ಹಿಡಿ ಬಾ."

ವೆಲಿಲೆ ನಿಂತ. "ಜೊಂಗಾ ಕರೀತಾ ಇದಾನೆ," ಎಂದು ತಮ್ಮನಿಗೆ ಹೇಳಿದ. "ನಮಗಲ್ಲ. ನಡಿ."

"ಒಂದು ಗಳಿಗೆ ಕಣೋ. ಮಾತಾಡೋದು ಬೇಡ, ಸುಮ್ನೆ ಬಂದು ಕೊಕ್ಕೆ ಹಾಕಿ ಹೋಗು." ಸ್ವಲ್ಪ ಹೊತ್ತು ಬರೀ ಏದುಸಿರು. ಆಮೇಲೆ, ತನ್ನಷ್ಟಕ್ಕೆ ಗೊಣಗುವಂತೆ, ಆದರೆ ಕೇಳಿಸಲೆಂದೇ: "ಹೋಗು ಹೋಗು. ಕೊಕ್ಕೆ ಹಿಡಿಯೋಕೆ ನಿನ್ನ ನಂಬಿದ್ನಲ್ಲ ನಾನು."

ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ವೆಲಿಲೆ ಇನ್ನೆರಡು ಹೆಜ್ಜೆ ಹತ್ತಿದ. ಬಲಗೈಯಲ್ಲಿ ಕೊಂಬೆ, ಅದನ್ನು ನೆಲಕ್ಕಿಡುವ ಹಾಗಿಲ್ಲ. ಇಟ್ಟರೆ ತಮ್ಮನೂ ಅಲ್ಲೇ ಕೂತ. ಇಳಿದರೂ ಒಂದು ಕೈಯಲ್ಲಿ ಕೊಕ್ಕೆ ಹಿಡಿದು ಯಾರನ್ನು ಕಾಪಾಡಲಾದೀತು? ಮೇಲೆ ತಿರುವಿನಲ್ಲಿ ಪೈಪಿನ ಹೊಗೆ ಕಾಣುತ್ತಿತ್ತು, ಚಿಕ್ಕಪ್ಪನ ಕಿವಿ ಮಂದ. ಹತ್ತುತ್ತಿರಬೇಕು, ಹೇಳುತ್ತಿರಬೇಕು. ಇಲ್ಲಿ ಕಲ್ಲು ಸಡಿಲ. ಇಲ್ಲಿ ಮುಳ್ಳು. ಹೇಳುತ್ತಲೇ ಅವನು ತಿರುಗಿ ನೋಡಿದ.

ಜೊಂಗಾ ಮೇಲಿನ ಅಂಚಿನಲ್ಲಿ ಇರಲಿಲ್ಲ. ಎಡಗಂಕುಳಲ್ಲಿ ಕೋಲನ್ನು ಅವುಚಿಕೊಂಡು, ಬಲಗೈಯಲ್ಲಿ ಕೊಕ್ಕೆ ಹಿಡಿದು, ಒಬ್ಬನೇ ಕೆಳಗಿನ ಮೆಟ್ಟಿಲಿಗೆ ಇಳಿದಿದ್ದ. ಬಗ್ಗಿದ ಬೆನ್ನು, ಕತ್ತಿನ ಹಿಂಭಾಗ, ಮೀನಿಗೆ ನೆಟ್ಟ ತಲೆ. ಆ ಬೆನ್ನು ಜೊಂಗಾನದು ಎಂದು ವೆಲಿಲೆಗೆ ಗೊತ್ತಿತ್ತು. ಕಡಲನ್ನು ನೋಡುವವರು ಯಾರೂ ಇರಲಿಲ್ಲ, ಅವನೊಬ್ಬನ ಹೊರತು. ಅವನು ಕಡಲನ್ನು ನೋಡಿದ. ದೂರದಲ್ಲಿ ನೀರಿನ ಒಂದು ಸಾಲು ಉಳಿದವುಗಳಿಗಿಂತ ಕಪ್ಪಾಗಿ, ಸದ್ದಿಲ್ಲದೆ, ಯಾವ ಅವಸರವೂ ಇಲ್ಲದೆ ಎದ್ದು ಬರುತ್ತಿತ್ತು. ಅದರ ಹಿಂದೆ ಇನ್ನೊಂದು. ಎಷ್ಟು ಹೊತ್ತು ನೋಡಿದನೋ ತಿಳಿಯದು; ಬಹಳ ಹೊತ್ತು ಇರಲಾರದು, ಯಾಕೆಂದರೆ ಕೂಗಲು ಇನ್ನೂ ಸಮಯ ಇತ್ತು. ಅಷ್ಟರಲ್ಲೇ ಅಮ್ಮನ ಭುಜದ ಎಲುಬು, ಚಿಕ್ಕಪ್ಪನ ಮಾತು, ದಾರಿ ಮಧ್ಯದ ಯಾವುದೋ ಪೊದೆ, ಎಲ್ಲವೂ ಅವನ ಕಣ್ಣೆದುರು ಹಾದುಹೋದವು. ಬಾಯಿ ತೆರೆದಾಗ ಬಂದದ್ದು ಒಂದೇ ಹೆಸರು.

"ಬೊನಾಕೆಲೆ. ಬಿಡು. ಮೀನು ಬಿಡು, ಮೇಲೆ ಹತ್ತು."

ಬಂಡೆ ಆ ಕೂಗನ್ನು ಹಿಂದಕ್ಕೆ ಎಸೆಯಿತು. ಜೊಂಗಾ ತಲೆಯೆತ್ತಿದ. ವೆಲಿಲೆಯ ಮುಖ ನೋಡಿದನೋ, ಹಿಂದಿನ ನೀರಿನ ನೆರಳು ಕಂಡನೋ, ಕೋಲು, ಕೊಕ್ಕೆ ಎರಡನ್ನೂ ಕೈಬಿಟ್ಟು ಹಲ್ಲಿಯಂತೆ ಬಂಡೆಯನ್ನು ಅಪ್ಪಿ ಹತ್ತಿದ. ತೆರೆ ಅವನ ಸೊಂಟದವರೆಗೆ ಬಂದು, ಎಳೆದು, ಎಳೆದು, ಬಿಟ್ಟಿತು. ಎರಡನೆಯದು ಬರುವಾಗ ಅವನು ಮೇಲಿನ ಅಂಚಿನಲ್ಲಿ ಮೊಣಕಾಲೂರಿ ಉಪ್ಪುನೀರು ಕಾರುತ್ತಿದ್ದ.

ಮೊಣಕೈ ತರಚಿ ರಕ್ತ ಸುರಿಸಿಕೊಂಡು ಅವನು ದಾರಿಯ ಬುಡಕ್ಕೆ ಬಂದಾಗ ದುಮಾ ಕೂಡ ಬೈದುಕೊಳ್ಳುತ್ತ ಇಳಿದು ಬಂದಿದ್ದ. ಜೊಂಗಾ ಮುದುಕನ ಕಡೆ ನೋಡಲೇ ಇಲ್ಲ. "ಯಾರನ್ನ ಕರೆದೆ ನೀನು?" ಎಂದು ವೆಲಿಲೆಯನ್ನು ಕೇಳಿದ. "ಚೇಜಿ, ಯಾರನ್ನ ಕರೆದೆ?"

ವೆಲಿಲೆ ಕೊಂಬೆಯ ಕಡೆ ನೋಡಿ, "ಜೊಂಗಾ ಬಂದ," ಎಂದ. "ಒದ್ದೆಯಾಗಿದಾನೆ. ಬದುಕಿದಾನೆ."

"ಅವನನ್ನ ಕೇಳ್ಬೇಡ, ನನ್ನ ಕೇಳು," ಎಂದು ದುಮಾ ಅಡ್ಡ ಬಂದ. "ಏನಾಯ್ತು? ನಿನ್ನ ಕೋಲೆಲ್ಲಿ?"

"ಮೀನು ತಗೊಂಡು ಹೋಯ್ತು."

"ಹಾಗಾದ್ರೆ ಇನ್ಮೇಲೆ ಅದು ನಿನ್ನ ಹಿಡೀತದೆ." ಮುದುಕ ಹಾಗೆ ಹೇಳಿದರೂ ಅವನ ಕಣ್ಣು ನಗಲಿಲ್ಲ. ನಡೆದದ್ದನ್ನೆಲ್ಲ ಜೊಂಗಾನ ಬಾಯಿಂದ ಕೇಳಿ ಪೈಪಿನ ಬೂದಿ ಕೊಡವಿದ. "ಕರೆದದ್ದು ತಮ್ಮನನ್ನ," ಎಂದ. "ಕೇಳಿಸಿದ್ದು ನಿನಗೆ. ಅದು ನಿನ್ನ ಕಿವಿ ಮಾಡಿದ ತಪ್ಪು. ಇವನು ಬದುಕಿರೋರ ಹತ್ರ ಮಾತಾಡ್ಲಿಲ್ಲ. ನಡೀರಿ."

ಜೊಂಗಾ ಹಿಂದೆಯೇ ಬಂದ. ಮುಂದೆ ಹೋಗಲು ಅವನಿಗೆ ಧೈರ್ಯವಿರಲಿಲ್ಲ, ಉಳಿಯಲೂ ಇಲ್ಲ. ವೆಲಿಲೆಗೆ ಬೆನ್ನ ಹಿಂದೆ ಒದ್ದೆ ಬೂಟಿನ ಪಚಪಚ ಸದ್ದು ಉದ್ದಕ್ಕೂ ಕೇಳುತ್ತಿತ್ತು. ಆ ಸದ್ದಿನ ಜೊತೆಗೇ ಅವನು ತಮ್ಮನನ್ನು ತೊರೆ ದಾಟಿಸಿದ, ಕುರಿ ದೊಡ್ಡಿಯ ಬೇಲಿ ಬಿದ್ದಿರುವುದನ್ನು ತೋರಿಸಿದ, ಅಂಗಡಿಯವನು ಮಾಡಿನ ತಗಡಿಗೆ ಹಸಿರು ಬಣ್ಣ ಬಳಿದಿರುವುದನ್ನು ಹೇಳಿದ. ಮುಸುಕಿನ ಜೋಳದ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸೊಬ್ಬಳು ಕೈಯೆತ್ತಿ, "ಎಲ್ಲಾ ಕ್ಷೇಮಾನಾ?" ಎಂದವಳು ಕೊಂಬೆಯನ್ನು ಕಂಡು ಕೈಯನ್ನು ಬಾಯಿಗೆ ತಂದುಕೊಂಡಳು. "ಕ್ಷೇಮ, ಮಗಳೆ, ಮನೆಗೆ ಹೋಗ್ತಾ ಇದೀವಿ," ಎಂದ ದುಮಾ. ನಾನು ನಿನ್ನನ್ನೇ ಕರೆದೆನಾ? ಎಂದು ವೆಲಿಲೆ ಕೊಂಬೆಯನ್ನು ಕೇಳಿದ, ಬಾಯಿಬಿಟ್ಟೇ ಕೇಳಿದ. ಅವನನ್ನ ನೋಡ್ಕೊಂಡು ನಿನ್ನ ಹೆಸರು ಹೇಳಿದೆ. ನಿನಗೆ ಬೇಜಾರಾದ್ರೆ ಹೇಳು. ಅವನಿಗೆ ಮೂರು ಜನ ಹೆಣ್ಣುಮಕ್ಕಳು. ನೀನಾಗಿದ್ರೂ ಕೂಗ್ತಿದ್ದೆ. ಕೊಂಬೆಯ ಎಲೆ ಬಾಡತೊಡಗಿತ್ತು, ಮುಳ್ಳು ಅಂಗೈಯನ್ನು ಚುಚ್ಚುತ್ತಿತ್ತು. ಏರು ಮುಗಿದು ಮನೆಗಳು ಕಾಣಿಸಿದಾಗ ಅವನು ನಡಿಗೆ ನಿಧಾನ ಮಾಡಿದ. ದುಮಾ ಎರಡು ಸಲ ತಿರುಗಿ ನೋಡಿದ. ಹೇಳಬೇಕಾದ್ದು ಇನ್ನೂ ಇತ್ತು, ಆ ಗೋಣಿಯ ವಿಷಯ, ಕೈಯ ವಿಷಯ, ಅವನ್ನೂ ಹೇಳಿದ. ಹೇಳಿದ ಮೇಲೂ ದಾರಿ ಸ್ವಲ್ಪ ಉಳಿದಿತ್ತು. ಅದನ್ನು ಅಣ್ಣತಮ್ಮ ಇಬ್ಬರೂ ಸುಮ್ಮನೆ ನಡೆದರು.

ದೊಡ್ಡಿಯೊಳಗೆ ಗಂಡಸರು ಕಂಬಳಿ ಹೊದ್ದು ಕೂತಿದ್ದರು. ಜೋಳದ ಹೆಂಡದ ಮಡಕೆ ಮಧ್ಯದಲ್ಲಿತ್ತು, ಯಾರೂ ಮುಟ್ಟಿರಲಿಲ್ಲ. ಸೊಸೆಯಾಗಿ ಬಂದವಳು ದನದ ದೊಡ್ಡಿಯೊಳಗೆ ಕಾಲಿಡುವಂತಿಲ್ಲವಾದ್ದರಿಂದ ಅಮ್ಮ ಅದರ ಬಾಗಿಲ ಹತ್ತಿರ, ಗೂಟಕ್ಕೆ ಕೈಯೂರಿ ನಿಂತಿದ್ದಳು. ದುಮಾ ಎಲ್ಲರಿಗೂ ಕೇಳುವಂತೆ ಕೇಳಲೇಬೇಕಾದ್ದನ್ನು ಕೇಳಿದ: "ದಾರೀಲಿ ಬದುಕಿರೋ ಯಾರ ಹತ್ರಾನಾದ್ರೂ ಮಾತಾಡಿದ್ಯಾ?" ಕೇಳುತ್ತಲೇ ಉತ್ತರವನ್ನೂ ಹೇಳಿಕೊಡುವವನಂತೆ ತಲೆಯಾಡಿಸಿದ, ಇಲ್ಲ ಎಂದು.

ಇಲ್ಲ ಎನ್ನಬಹುದಾಗಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. "ಗೊತ್ತಿಲ್ಲ ಚಿಕ್ಕಪ್ಪ," ಎಂದ ವೆಲಿಲೆ. "ಇವನ ಹೆಸರು ಕರೆದೆ. ಜೊಂಗಾ ಮೇಲೆ ಬಂದ. ಮಾತಾಡಿದೆ ಅಂತಲೇ ಇಟ್ಕೊಳ್ಳಿ. ಮತ್ತೆ ಹೋಗ್ತೀನಿ, ನಾಳೆನೇ ಹೋಗ್ತೀನಿ."

ಕಂಬಳಿಗಳು ಕದಲಿದವು. ಕೊಂಬೆ ಇಸಿದುಕೊಳ್ಳಲು ದುಮಾ ಕೈ ಚಾಚಿದ, ಕೊಂಬೆ ಬರಲಿಲ್ಲ. ವೆಲಿಲೆ ಕೊಡುವುದಿಲ್ಲ ಎನ್ನುತ್ತಿರಲಿಲ್ಲ, ಕೈ ತೆರೆಯುತ್ತಿರಲಿಲ್ಲ ಅಷ್ಟೆ. ನಾಳೆ ಮತ್ತೆ ಆ ತೊರೆ, ಆ ಬೇಲಿ, ಆ ಮಾತು ಎಂದು ನೆನೆದಾಗ ತನ್ನ ಎದೆಯಲ್ಲಿ ಎದ್ದದ್ದು ದುಃಖವಲ್ಲ, ಆಸೆ ಎಂಬುದು ಅವನಿಗೆ ತಿಳಿಯಿತು. ತಿಳಿದು ತಲೆ ತಗ್ಗಿಸಿದ.

ಅಮ್ಮ ಗೂಟ ಬಿಟ್ಟು ಒಳಗೆ ಬಂದಳು. ಕಟ್ಟಳೆಯನ್ನು ನೆನಪಿಸಲು ಯಾರಿಗೂ ಬಾಯಿ ಬರಲಿಲ್ಲ. ಅವಳು ಮಗನ ಮುಷ್ಟಿಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ತಿರುಗಿಸಿ, ಮುಳ್ಳು ಎಲ್ಲಿ ನೆಟ್ಟಿದೆ ಎಂದು ನೋಡಿದಳು.

"ಬಂದಿದಾನೆ," ಎಂದಳು. "ಕರ್ಕೊಂಡು ಬಂದಿದೀಯ. ಒಳಗೆ ಬಿಡು ಅವನನ್ನ. ಹಿಡ್ಕೊಂಡಿರೋನು ನೀನು."

"ಅಮ್ಮಾ, ನಾನು ಆವತ್ತು..."

"ಬಿಡು ಮಗನೇ. ಸುಸ್ತಾಗಿದೀಯ."

ಬೆರಳು ಒಂದೊಂದಾಗಿ ಬಿಟ್ಟುಕೊಂಡವು. ಅವಳು ಕೊಂಬೆಯನ್ನು ಒಯ್ದು ದೊಡ್ಡಿಯ ಮೇಲಿನ ಕಂಬದ ಬುಡಕ್ಕೆ ಒರಗಿಸಿ, ಗಾಳಿಗೆ ಬೀಳದ ಹಾಗೆ ಒಂದು ಕಲ್ಲು ಇಟ್ಟು, ಅಲ್ಲೇ ಸೆಗಣಿಯ ನೆಲದ ಮೇಲೆ ಕೂತುಬಿಟ್ಟಳು. ಯಾರೋ ಮೊದಲ ಬೋಗುಣಿಯ ಹೆಂಡವನ್ನು ನೆಲಕ್ಕೆ ಚೆಲ್ಲಿದರು. ಇನ್ನಾರೋ ಹಾಡು ಎತ್ತಿಕೊಂಡರು; ಹಾಡು ಚರ್ಚಿನದೇ, ದನಿ ಹಳೆಯದು.

ವೆಲಿಲೆ ಖಾಲಿ ಕೈ ಹೊತ್ತು ಹೊರಗೆ ಬಂದ. ಬೇಲಿಯ ಆಚೆ ಜೊಂಗಾ ಹಾಗೇ ನಿಂತಿದ್ದ, ಬಟ್ಟೆ ಮೈಗಂಟಿ, ಹಲ್ಲು ಕಟಕಟಿಸುತ್ತ. ಒಳಗೆ ಬರಬಹುದೋ ಬಾರದೋ ಅವನಿಗೆ ತಿಳಿದಿರಲಿಲ್ಲ; ಯಾರನ್ನು ಕೇಳುವುದೆಂದೂ ತಿಳಿದಿರಲಿಲ್ಲ. ವೆಲಿಲೆಯನ್ನು ಕಂಡು ಏನೋ ಹೇಳಲು ಬಾಯಿ ತೆರೆದು, ಈಗ ಮಾತಾಡಿದರೆ ಏನಾಗುತ್ತದೋ ಎಂದು ಹಾಗೇ ಮುಚ್ಚಿಕೊಂಡ. ವೆಲಿಲೆ ಬೇಲಿಯ ಪಡಿ ಸರಿಸಿ, ಅವನ ಮೊಣಕೈಯನ್ನು ಗಾಯ ತಪ್ಪಿಸಿ ಹಿಡಿದ.

"ಬಾ," ಎಂದ. "ಇಲ್ಲಿ ನೆಲ ಏರುಪೇರು, ನೋಡ್ಕೊಂಡು. ಇದು ನಮ್ಮ ಮನೆ. ಬಾಗಿಲು ಗಿಡ್ಡ ಇದೆ, ತಲೆ ತಗ್ಗಿಸು. ಒಲೆ ಆ ಕಡೆ."

ಜೊಂಗಾ ತಲೆ ತಗ್ಗಿಸಿ ಒಳಗೆ ಬಂದ.